ಮಗಳಿಗೊಂದು ಪತ್ರ: ಶರ್ಟಿನ ಗುಂಡಿ ನಾನೇ ಹಾಕ್ಕೋತೀನಿ

ಪುಟ್ಟಿ,

ಮೊನ್ನೆ ಭಾನುವಾರ ವಿಡಿಯೋ ಕಾಲಲ್ಲಿ ನಾನು ಅತ್ತಿದ್ದಕ್ಕೆ ನೀನು ಗಾಬರಿ ಆಗಿ ಆಮೇಲೆ ಅಮ್ಮಂಗೆ ಮೂರು ಸಲ ಫೋನ್ ಮಾಡಿದ್ಯಂತೆ, ಕೆಲಸ ಬಿಟ್ಟು ಊರಿಗೆ ಬಂದ್ಬಿಡ್ತೀನಿ ಅಂತ ಬೇರೆ ಅಂದ್ಯಂತೆ. ಅದಕ್ಕೇ ಇದನ್ನ ಬರೀತಾ ಇರೋದು. ಫೋನಲ್ಲೇ ಹೇಳೋಣ ಅಂದ್ರೆ ಮಧ್ಯದಲ್ಲಿ ಮತ್ತೆ ಅಳು ಬಂದ್ರೆ ಮುಗೀತು, ನೀನು ಆವತ್ತು ರಾತ್ರಿ ಬಸ್ಸಿಗೇ ಹೊರಡೋ ಪೈಕಿ.

ಮೊದಲು ಆ ಅಳೂದ್ರ ವಿಷಯನೇ ಹೇಳ್ತೀನಿ. ನೀನು ಆವತ್ತು ಹೇಳಿದ್ದು ಎಂತ, ಆಫೀಸಲ್ಲಿ ಕಾಫಿ ಮೆಷಿನ್ ಕೆಟ್ಟಿದೆ ಅಂತ. ಅದಕ್ಕೆ ಯಾರಾದ್ರೂ ಅಳ್ತಾರಾ ಮಾರಾಯ್ತಿ! ನಂಗೂ ಗೊತ್ತು ಅಳೋ ವಿಷಯ ಅಲ್ಲ ಅಂತ, ಆದ್ರೆ ಗಂಟಲಿಗೆ ಬಂದಿದ್ದು ನಿಲ್ಲಲೇ ಇಲ್ಲ. ಡಾಕ್ಟ್ರು ಹೇಳಿದ್ರು, ಅಳು ನಗು ತಡೆಯೋ ಬ್ರೇಕ್ ಅಂತ ಮೆದುಳಲ್ಲಿ ಇರುತ್ತೆ, ನಂಗಾದ ಹಾಗೆ ಸ್ಟ್ರೋಕ್, ಅಂದ್ರೆ ಲಕ್ವ, ಆದ್ಮೇಲೆ ಕೆಲವರಿಗೆ ಅದು ಸಡಿಲ ಆಗುತ್ತೆ, ದುಃಖ ಇಲ್ದೇನೂ ಕಣ್ಣೀರು ಬರುತ್ತೆ ಅಂತ. ನಗೂನೂ ಹಂಗೇ. ಶ್ರಾವಣದಲ್ಲಿ ಮೇಲಿನ್ಮನೆ ಅಜ್ಜಿ ತೀರ್ಕೊಂಡಾಗ ಮಾತಾಡ್ಸಿ ಬರೋಣ ಅಂತ ಹೋಗಿ ಜಗಲಿ ಮೇಲೆ ಕೂತು ಕಿಸಕ್ ಅಂತ ನಕ್ಕುಬಿಟ್ಟೆ, ಅಮ್ಮ ಕೂಡ್ಲೆ "ಕೆಮ್ಮು ಇವರಿಗೆ, ಒಂದು ವಾರದಿಂದ" ಅಂತ ಹೇಳಿ ನನ್ನ ಎಬ್ಬಿಸ್ಕೊಂಡು ಬಂದ್ಲು. ಹಂಗಂತ ನಿಜವಾದ ಬೇಜಾರು ಇರ್ಲೇ ಇಲ್ಲ ಅಂತ ಸುಳ್ಳು ಹೇಳಲ್ಲ. ಜುಲೈ ಪೂರ್ತಿ, ಆ ಹೊಡಿಯೋ ಮಳೇಲಿ, ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದೆ, ಯಾರು ಬಂದ್ರೂ ಬೇಡ ಆಗಿತ್ತು. ಸ್ಟ್ರೋಕ್ ಆದ ಮೂವರಲ್ಲಿ ಒಬ್ಬರಿಗೆ ಹಿಂಗೆ ಮನಸ್ಸು ಕುಸಿಯುತ್ತಂತೆ. ಅದಕ್ಕೂ ಒಂದು ಮಾತ್ರೆ ಕೊಟ್ಟಿದ್ದಾರೆ, ಈಗ ನಾಲ್ಕು ತಿಂಗಳಾಯ್ತು, ಅಡ್ಡಿಲ್ಲ. ನಿಂಗೆ ಹೇಳಿರ್ಲಿಲ್ಲ ಅಷ್ಟೆ.

ಆ ದಿನದ ಕಥೆನೂ ನಿಂಗೆ ಅರ್ಧಂಬರ್ಧ ಗೊತ್ತಿರೋದು. ಮೇ ಕೊನೆ, ಬೆಳಿಗ್ಗೆ ಆರೂ ಹತ್ತು ಇರ್ಬೇಕು, ಅಂಗಳದಲ್ಲಿ ನಿಂತು ಕಾಫಿ ಕುಡೀತಿದ್ದೆ, ಎಡಗೈಲಿದ್ದ ಲೋಟ ಬಿತ್ತು. ಬಗ್ಗಿ ಎತ್ಕೊಳ್ಳೋಣ ಅಂದ್ರೆ ನಾನೇ ಬಿದ್ದೆ. ನೋವು ಇಲ್ಲ ಎಂತ ಇಲ್ಲ, ಅದೇ ಮೋಸ ಇದ್ರದ್ದು, ನೋವಾಗಿದ್ರೆ ಎಲ್ರೂ ಓಡ್ತಿದ್ವಿ. ಬಾಯಿ ಒಂದ್ ಕಡೆ ವಾಲಿದೆ ಅಂತ ಅಮ್ಮಂಗೆ ಕಂಡಿದೆ, ಮಾತು ಕುಡಿದವರ ಹಾಗೆ ತೊದಲ್ತಿತ್ತಂತೆ. ಸೇರಿದವರಲ್ಲಿ ಒಬ್ರು ಪಿತ್ತ ಅಂದ್ರು, ಒಬ್ರು ಲಿಂಬೆಹಣ್ಣಿನ ಪಾನಕ ತಂದು ಬಾಯಿಗೆ ಹುಯ್ದ್ರು, ಅದು ನೆತ್ತಿಗೆ ಹತ್ತಿ ಉಸಿರೇ ಕಟ್ಟೋ ಹಾಗಾಯ್ತು. (ಲಕ್ವ ಹೊಡೆದವರಿಗೆ ನುಂಗೋ ಶಕ್ತಿನೂ ಹೋಗಿರ್ಬಹುದು, ಪರೀಕ್ಷೆ ಮಾಡೋವರೆಗೂ ಒಂದು ಹನಿ ನೀರೂ ಕೊಡ್ಬಾರ್ದು ಅಂತ ಆಮೇಲೆ ಗೊತ್ತಾಗಿದ್ದು.) ಹಿಂಗೇ ಒಂದು ಗಂಟೆ ಹೋಯ್ತು. ಕೊನೆಗೆ ಅಮ್ಮನೇ ಬೈದು ಜೀಪು ಹೊರಡ್ಸಿದ್ದು. ತೀರ್ಥಹಳ್ಳಿ ದಾಟಿ ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಆ ರಸ್ತೆ ಅಷ್ಟು ಉದ್ದ ಇದೆ ಅಂತ ನಂಗೆ ಆವತ್ತೇ ಗೊತ್ತಾಗಿದ್ದು. ಶಿವಮೊಗ್ಗ ಮುಟ್ಟುವಾಗ ಒಂಬತ್ತು. ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಅಲ್ಲ ರಕ್ತ ಹೆಪ್ಪುಗಟ್ಟಿದ್ದು ಅಂತ ಖಾತ್ರಿ ಆದ್ಮೇಲೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ರು. ಅದನ್ನ ಲಕ್ವ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ಅದೂ ಬೇಗ ಕೊಟ್ಟಷ್ಟೂ ಒಳ್ಳೇದು. ನಂಗೆ ಸಿಕ್ಕಿದ್ದು ಲೋಟ ಬಿದ್ದು ಮೂರೂಮುಕ್ಕಾಲು ಗಂಟೆ ಆದ್ಮೇಲೆ. ಪಾನಕದ ಆ ಒಂದು ಗಂಟೆ ಉಳಿದಿದ್ರೆ ಈ ಕೈ ಇನ್ನೂ ಚೂರು ಉಳೀತಿತ್ತೇನೋ, ಯಾರಿಗೂ ಹೇಳೋಕಾಗಲ್ಲ, ನಾನೂ ಯಾರನ್ನೂ ದೂರಲ್ಲ. ಬಿಪಿ ಮಾತ್ರೆನ "ಈಗ ನಾರ್ಮಲ್ ಇದೆಯಲ್ಲ" ಅಂತ ಆರು ತಿಂಗಳಿಂದ ಬಿಟ್ಟವನು ನಾನೇ. ಕವಳದ (ಎಲೆ ಅಡಿಕೆ) ಜೊತೆ ಹೊಗೆಸೊಪ್ಪೂ ನಂದೇ.

ಎಂತ ಆಗಿದ್ದು ಅಂತ ನಂಗೆ ನಮ್ಮ ತೋಟದ ಲೆಕ್ಕದಲ್ಲೇ ಅರ್ಥ ಆಗಿದ್ದು. ಪೈಪು ಕಟ್ಟಿತು, ಆ ಪಟ್ಟೆ ಮರಗಳಿಗೆ ನೀರಿಲ್ಲ. ನಟ್ಟ ನಡುವಿನವು ಸತ್ವು, ಸುತ್ತಲಿನವು ಬಾಡಿ ನಿಂತಿದ್ವು, ನೀರು ಬಿಟ್ಟಾಗ ಅವು ಸುಮಾರು ಬದುಕಿದ್ವು. ಸತ್ತಿದ್ದು ವಾಪಸ್ ಬರಲ್ಲ ಪುಟ್ಟಿ. ಹಂಗಾದ್ರೆ ಕೈಕಾಲು ಹೆಂಗೆ ವಾಪಸ್ ಬರ್ತಿದೆ ಅಂತ ಕೇಳಿದ್ದಕ್ಕೆ ಡಾಕ್ಟ್ರು, ಉಳಿದ ಜಾಗದ ನರಗಳೇ ಆ ಕೆಲಸ ಕಲೀತವೆ ಅಂದ್ರು. ಮಳೇಲಿ ಆಗುಂಬೆ ಘಾಟಿ ಧರೆ ಕುಸಿದು ಬಂದ್ ಆದ್ರೆ ನಾವು ಬಾಳೆಬರೆ ಘಾಟಿ ಮೇಲೆ ಸುತ್ತಾಕ್ಕೊಂಡು ಇಳೀತೀವಲ್ಲ, ಹಂಗೆ. ದೂರ ಆಗುತ್ತೆ, ಲೇಟ್ ಆಗುತ್ತೆ, ಮೊದಮೊದಲು ದಾರಿನೇ ತಪ್ಪುತ್ತೆ, ಆದ್ರೆ ಹೋಗಿ ಹೋಗಿ ಅದೇ ರೂಢಿ ಆಗುತ್ತೆ. ಆದ್ರೆ ಹೋಗ್ಬೇಕು, ಗಾಡಿ ಓಡಾಡದ ದಾರಿಲಿ ಹುಲ್ಲು ಬೆಳೆಯೋದೇ.

ಅದಕ್ಕೇ ನೀನು ಪ್ರತಿ ಸಲ "ಎಷ್ಟು ಪರ್ಸೆಂಟ್ ಆಯ್ತಪ್ಪ" ಅಂತ ಕೇಳಿದಾಗ ನಂಗೆ ಸಿಟ್ಟು ಬರೋದು. ಇದು ಜ್ವರ ಇಳಿದ ಹಾಗೆ ಇಳಿಯೋದಲ್ಲ. ಮೊದಲ ಮೂರು ತಿಂಗಳು ಬೇಗ ಬೇಗ ಬಂತು, ಆಮೇಲೆ ನಿಧಾನ ಆಗಿದೆ, ನಿಂತಿಲ್ಲ. ಊರವರು ಆರು ತಿಂಗಳು ಆದ್ಮೇಲೆ ಬರೋದೆಲ್ಲ ಸುಳ್ಳು ಅಂತಾರೆ, ಏಳನೇ ತಿಂಗಳಲ್ಲಿ ನನ್ನ ಉಂಗುರ ಬೆರಳು ಬೇರೆ ಬೆರಳು ಬಿಟ್ಟು ಒಂದೇ ಎದ್ದಿದೆ, ಅದಕ್ಕೆ ಎಂತ ಹೇಳ್ತಾರೆ? ಪಾರಿವಾಳದ ರಕ್ತ ಹಚ್ಚಿ ಅಂತ ಹೇಳ್ಕೊಂಡು ಬಂದವರೂ ಇವರೇ. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳ್ಸಿದ್ಲು.

ಆಸ್ಪತ್ರೆಯಿಂದ ಬಿಡುವಾಗ ಚೀಟಿಲಿ ಫಿಸಿಯೋಥೆರಪಿ ಮಾಡಿಸಿ ಅಂತ ಒಂದೇ ಸಾಲು ಬರೆದಿದ್ರು. ಎಂತ ಮಾಡಿಸ್ಬೇಕು, ಎಲ್ಲಿ, ಎಷ್ಟು, ಏನೂ ಇಲ್ಲ. ನಮ್ಮ ಪುಣ್ಯಕ್ಕೆ ತೀರ್ಥಹಳ್ಳಿ ಕಡೆಯಿಂದ ಒಬ್ಬ ಫಿಸಿಯೋ ಹುಡುಗ ಬೈಕಲ್ಲಿ ವಾರಕ್ಕೆ ಎರಡು ದಿನ ಬರೋಕೆ ಒಪ್ಪಿದ. ಮಳೆಗಾಲದಲ್ಲಿ ಹಳ್ಳ ದಾಟೋ ಸಂಕ ಮುಳುಗಿ ಎರಡು ವಾರ ಬರಲೇ ಇಲ್ಲ. ಆದ್ರೆ ಅವನು ಮೊದಲನೇ ದಿನವೇ ಹೇಳಿದ್ದ, ನಾನು ಬರೋ ಅರ್ಧ ಗಂಟೆಲಿ ಏನೂ ಆಗಲ್ಲ ಸರ್, ನಾನು ಹೋದ್ಮೇಲೆ ನೀವು ಮಾಡೋದ್ರಲ್ಲೇ ಇರೋದು, ಹತ್ತು ಸಲ ಅಲ್ಲ ದಿನಕ್ಕೆ ನೂರಾರು ಸಲ ಅಂತ. ಕುರ್ಚಿಯಿಂದ ಏಳೋದು ಕೂರೋದು, ಏಳೋದು ಕೂರೋದು. ಅಂಗಳದಲ್ಲಿ ಪಾಚಿ ಅಂತ ಜಗಲಿ ಮೇಲೇ ನಡೆದಿದ್ದು, ಆ ತುದಿಯಿಂದ ಈ ತುದಿಗೆ ಹದಿನಾಲ್ಕು ಹೆಜ್ಜೆ, ಈಗ ಹನ್ನೊಂದಕ್ಕೆ ಇಳಿದಿದೆ, ಅಂದ್ರೆ ಹೆಜ್ಜೆ ಉದ್ದ ಆಗಿದೆ. ಮೆಟ್ಟಿಲಿಗೆ ಅವನೊಂದು ಸೂತ್ರ ಹೇಳಿಕೊಟ್ಟಿದ್ದಾನೆ, ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ನಂಗೆ ಎಡಗಾಲನ್ನ ಕೆಟ್ಟ ಕಾಲು ಅನ್ನೋಕೆ ಮನಸ್ಸಾಗಲ್ಲ, ಕಲಿಯೋ ಕಾಲು ಅಂತೀನಿ, ಅವನು ನಗ್ತಾನೆ.

ಕೈಕಾಲಿಗಿಂತ ವಿಚಿತ್ರ ಅಂದ್ರೆ ಎಡಗಡೆ ಅನ್ನೋದೇ ಕಳೆದುಹೋಗಿತ್ತು. ಕಣ್ಣು ಸರಿ ಇದೆ, ಆದ್ರೆ ಎಡಗಡೆ ಒಂದು ಲೋಕ ಇದೆ ಅಂತಲೇ ಮೆದುಳಿಗೆ ನೆನಪಿಲ್ಲ. ನಿನ್ನ ದೊಡ್ಡಪ್ಪನ ಮನೆ ಸತ್ಯನಾರಾಯಣ ಪೂಜೆಲಿ ಬಾಳೆಎಲೆ ಮುಂದೆ ಕೂತು, ಎಲ್ರಿಗೂ ಉಪ್ಪು ಉಪ್ಪಿನಕಾಯಿ ಹಾಕಿ ನಂಗೆ ಮಾತ್ರ ಬಡಿಸಿಲ್ಲ ಅಂತ ಕೂಗಾಡಿದೆ. ಉಪ್ಪು ಬಡಿಸೋದು ಎಲೆ ಎಡತುದಿಗೆ ತಾನೆ, ಅಲ್ಲೇ ಇತ್ತು, ನಂಗೆ ಕಾಣ್ಲಿಲ್ಲ. ಅನ್ನನೂ ಬಲಗಡೆ ಅರ್ಧ ಉಂಡು ಎದ್ದಿದ್ದೆ. ಅಮ್ಮ ಏನೂ ಮಾತಾಡ್ದೆ ನನ್ನ ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದ್ಲು. ಅವತ್ತಿಂದ ಮನೇಲಿ ನನ್ನ ಕುರ್ಚಿ ಬಲಗೋಡೆಗೆ ಒತ್ತಿ ಇಟ್ಟಿದ್ದಾಳೆ, ಟಿವಿ ಎಡಗಡೆ, ಕವಳದ ತಟ್ಟೆ (ಹೊಗೆಸೊಪ್ಪು ಇಲ್ಲ, ಎಲೆ ಅಡಿಕೆ ಮಾತ್ರ, ಅದೂ ದಿನಕ್ಕೆ ಒಂದು) ಎಡಗಡೆ, ತಾನು ಮಾತಾಡೋಕೆ ಕೂರೋದೂ ಎಡಗಡೆ. ಬೇಕಿದ್ರೆ ತಿರುಗು ಅಂತ. ಇದನ್ನೂ ಫಿಸಿಯೋ ಹುಡುಗನೇ ಹೇಳಿದ್ದು, ಆದ್ರೆ ಕವಳದ ತಟ್ಟೆ ಐಡಿಯಾ ಅಮ್ಮಂದು.

ಕೈಗೆ ಮೊದಲು ಕನ್ನಡಿ. ಎರಡು ಕೈ ನಡುವೆ ಕನ್ನಡಿ ನಿಲ್ಸಿ, ಎಡಗೈ ಹಿಂದೆ ಮುಚ್ಚಿಟ್ಟು, ಬಲಗೈ ಆಡಿಸ್ತಾ ಕನ್ನಡಿ ಒಳಗೆ ನೋಡಿದ್ರೆ ಎಡಗೈಯೇ ಆಡ್ತಿದೆ ಅನ್ಸುತ್ತೆ. ಮೆದುಳಿಗೆ ಸುಳ್ಳು ಹೇಳೋದು. ಸೆಪ್ಟೆಂಬರಲ್ಲಿ ಮಣಿಕಟ್ಟು ಬೆರಳು ಸ್ವಲ್ಪ ಎತ್ತೋಕೆ ಬಂದ್ಮೇಲೆ ಶುರುವಾಯ್ತು ನೋಡು ಶಿಕ್ಷೆ, ಒಳ್ಳೆ ಕೈಗೆ ಬಟ್ಟೆ ಚೀಲ ಕಟ್ಟಿಬಿಡೋದು, ಎರಡು ಗಂಟೆ ಎಲ್ಲಾನೂ ಎಡಗೈಲೇ ಮಾಡ್ಬೇಕು. ಮೂಗಿನ ಮೇಲೆ ಸೊಳ್ಳೆ ಕೂತ್ರೆ ಎಡಗೈ ಅಲ್ಲಿಗೆ ಹೋಗಿ ಮುಟ್ಟೋದ್ರೊಳಗೆ ಅದು ಊಟ ಮುಗಿಸಿ ಹೋಗಿರುತ್ತೆ. ಅಮ್ಮ ತೊಗರಿ ಹೆಸರು ಬೆರೆಸಿ ಮೊರದಲ್ಲಿ ಹಾಕಿ ಆರಿಸಿ ಅಂತ ಕೊಡ್ತಾಳೆ. ಚಪಾತಿ ಹಿಟ್ಟು ನಾದೋದು ನಂದೇ ಈಗ. ಹೋದ ವಾರ ಒಂದು ಗೋಟಡಿಕೆ ಸುಲಿದೆ, ಎಡಗೈಲಿ ಹಿಡಿದು ಬಲಗೈಲಿ ಸಿಪ್ಪೆ ಬಿಡಿಸಿದ್ದು, ಹನ್ನೊಂದು ನಿಮಿಷ ಹಿಡೀತು. ಸುಲಿಯೋ ಹೆಂಗಸರು ಕೆಲಸ ನಿಲ್ಸಿ ನೋಡಿದ್ರು, ಒಬ್ಳು "ಭಟ್ರೇ ಕೂಲಿ ಹೆಂಗೆ, ಕೇಜಿ ಲೆಕ್ಕನಾ" ಅಂದ್ಲು.

ಈಗ ನಿಂಗೆ ಹೇಳ್ಬೇಕಾದ ವಿಷಯಕ್ಕೆ ಬಂದೆ, ಬೇಜಾರು ಮಾಡ್ಕೋಬೇಡ. ದೀಪಾವಳಿಗೆ ಬಂದಾಗ ನಾನು ಶರ್ಟ್ ಹಾಕ್ಕೊಳ್ತಿದ್ದೆ ನೆನಪಿದೆಯಾ. ಹಾಕುವಾಗ ಎಡಗೈ ಮೊದಲು, ಬಿಚ್ಚುವಾಗ ಎಡಗೈ ಕೊನೆಗೆ, ಇದೂ ಒಂದು ಪಾಠ. ತೋಳು ಎರಡೂ ಹಾಕಿ ಆಗಿತ್ತು, ಮೇಲಿನ ಎರಡು ಗುಂಡಿ ಹಾಕಿದ್ದೆ, ಮೂರನೇದು ತೂತಿನ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ನೀನು "ಅಯ್ಯೋ ಅಪ್ಪ ಬಿಡು" ಅಂತ ಬಂದು ಪಟಪಟ ಅಂತ ಎಲ್ಲ ಹಾಕಿ ಕಾಲರ್ ಬೇರೆ ಸರಿ ಮಾಡಿ ಹೋದೆ. ಪ್ರೀತಿಗೇ ಮಾಡಿದ್ದು, ಗೊತ್ತು. ಆದ್ರೆ ಆ ಮೂರನೇ ಗುಂಡಿಗೆ ನಾನು ಇಪ್ಪತ್ತು ದಿನದಿಂದ ಕಾಯ್ತಿದ್ದೆ ಪುಟ್ಟಿ. ಆವತ್ತು ನಾನು ಮಾತಾಡ್ದೆ ಕೂತಿದ್ದು ಹಬ್ಬದ ಸುಸ್ತಿಗಲ್ಲ. ಇನ್ನೊಂದು, ಜೀಪಿಂದ ಇಳಿಸುವಾಗ ಎಡಗೈ ಹಿಡಿದು ಎಳೆದ್ಯಲ್ಲ, ಅದು ಮಾಡ್ಲೇಬೇಡ, ಆ ಕಡೆ ಭುಜ ಹಿಡಿದಿಡೋ ಸ್ನಾಯು ಇನ್ನೂ ಸೋತಿದೆ, ಎಳೆದ್ರೆ ಕೀಲು ಜಾರುತ್ತೆ, ಎರಡು ದಿನ ನೋವಿತ್ತು. ಹಿಡೀಲೇಬೇಕು ಅಂದ್ರೆ ಸೊಂಟದ ಹತ್ರ ಹಿಡಿ.

ಕೆಲಸ ಬಿಡೋ ಮಾತು ಅದಕ್ಕೇ ಬೇಡ ಅಂತಿರೋದು. ನೀನು ದಿನಾ ಇಲ್ಲಿದ್ರೆ ಎಲ್ಲ ಗುಂಡಿನೂ ನೀನೇ ಹಾಕ್ತೀಯ, ನಂಗೊತ್ತು ನಿನ್ನ ಬುದ್ಧಿ, ನನ್ನ ಬುದ್ಧಿನೂ ಗೊತ್ತು, ಹಾಕಿಸ್ಕೊಳ್ತೀನಿ. ಅಮ್ಮ ಬೇರೆ ಥರ. ನಾನು ಒದ್ದಾಡ್ತಾ ಇದ್ರೆ ಅವಳು ಎದ್ದು ಕೊಟ್ಟಿಗೆಗೆ ಹೋಗ್ತಾಳೆ, ದನದ ಹತ್ರ ಎಂತೋ ಮಾತಾಡ್ತಿರ್ತಾಳೆ, ಮುಗಿದ್ಮೇಲೆ ಬರ್ತಾಳೆ. ಅವಳೂ ದಣಿದಿದ್ದಾಳೆ, ಅದು ನಂಗೆ ಕಾಣಲ್ಲ ಅಂತ ಅಂದ್ಕೋಬೇಡ, ಎಡಗಡೆ ಕೂತ್ರೂ ಕಾಣುತ್ತೆ ಈಗ. ನಿಂಗೆ ಮಾಡ್ಲೇಬೇಕು ಅಂತಿದ್ರೆ ಒಂದು ಹತ್ತು ದಿನ ರಜ ಹಾಕಿ ಬಂದು ಅವಳನ್ನ ಅವಳ ತಂಗಿ ಮನೆಗೆ ಸಾಗರಕ್ಕೆ ಕಳ್ಸು. ಮಾತ್ರೆ ವಿಷಯ ಚಿಂತೆ ಬೇಡ, ಬಿಪಿದು, ರಕ್ತ ತೆಳು ಮಾಡೋದು, ಕೊಲೆಸ್ಟ್ರಾಲಿಂದು, ಮೂರೂ ಕ್ಯಾಲೆಂಡರಲ್ಲಿ ಟಿಕ್ ಹಾಕಿ ತಗೊಳ್ತಿದ್ದೀನಿ, ಇನ್ನೊಂದು ಸಲ ಆಗೋದನ್ನ ತಡೆಯೋಕೆ ಅದು ಜೀವ ಇರೋವರೆಗೂ ಬೇಕು.

ಎಳ್ಳಮಾವಾಸ್ಯೆ ಜಾತ್ರೆಗೆ ಬಾ. ತೆಪ್ಪೋತ್ಸವ ನೋಡೋಕೆ ತುಂಗೆ ದಡಕ್ಕೆ ಇಳಿಯೋದು ಈ ವರ್ಷ ಆಗಲ್ಲ, ಸೇತುವೆ ಮೇಲಿಂದ ನೋಡೋಣ, ನೀನು ನನ್ನ ಎಡಗಡೆ ನಿಂತ್ಕೋ. ಬರುವಾಗ ಒಂದು ಜೊತೆ ವೆಲ್ಕ್ರೋ ಪಟ್ಟಿ ಇರೋ, ಹಿಮ್ಮಡಿ ಹಿಡಿಯೋ ಥರದ ಸ್ಯಾಂಡಲ್ ತಾ, ಎಂಟು ನಂಬರ್, ಹವಾಯಿ ಚಪ್ಪಲಿ ಎಡಗಾಲಲ್ಲಿ ನಿಲ್ತಾ ಇಲ್ಲ.

ಇಷ್ಟು ಟೈಪ್ ಮಾಡೋಕೆ ಐದು ದಿನ ಆಯ್ತು. ಒತ್ತಿದ್ದು ಬಲಗೈ ಹೆಬ್ಬೆರಳು, ಫೋನ್ ಹಿಡ್ಕೊಂಡಿದ್ದು ಎಡಗೈ. ಏಳು ಸಲ ಬಿತ್ತು. ಸ್ಕ್ರೀನ್ ಮೂಲೇಲಿ ಬಿರುಕು ಬಂದಿದೆ, ಅಮ್ಮಂಗೆ ಇನ್ನೂ ಗೊತ್ತಿಲ್ಲ, ನೀನು ಹೇಳ್ಬೇಡ.

ಅಪ್ಪ