ಪಾಪು ನೀಲಿ ಲೈಟಿನಲ್ಲಿದೆ ಅಂತ ಹೆದರಬೇಡ, ಅಮ್ಮ

ಗ್ರೊನಿಂಗನ್, ನೆದರ್‌ಲ್ಯಾಂಡ್ಸ್

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಆರಾಮಾಗಿದ್ದೇನೆ. ಅಪ್ಪ ಟೈಪ್ ಮಾಡಿ ಕಳಿಸಿದ ನಿನ್ನ ಪತ್ರ ಈಗಷ್ಟೇ ಓದಿದೆ.

ಕಾಮಾಲೆ ಅಂತ ಅಕ್ಕನ ಪಾಪುವನ್ನು ಆಸ್ಪತ್ರೆಯಲ್ಲಿ ನೀಲಿ ಲೈಟಿನ ಕೆಳಗೆ ಮಲಗಿಸಿ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ನೋಡಲಾಗುತ್ತಿಲ್ಲ ಅಂದಿದ್ದೀಯ. ಹೆದರಬೇಡ. ಹುಟ್ಟಿದ ಮಕ್ಕಳಿಗೆ ಕಾಮಾಲೆ ಬರುವುದು ತೀರಾ ಸಾಮಾನ್ಯ. ಪಟ್ಟಿ ಕಟ್ಟುವುದು ಕಣ್ಣಿಗೆ ಬೆಳಕು ಬೀಳದಿರಲಿ ಅಂತ, ಅಷ್ಟೇ. ಏನೂ ಆಗುವುದಿಲ್ಲ.

ಇವಳೇನು ಡಾಕ್ಟರಾ ಅಂತ ಅಜ್ಜಿ ಕೇಳುತ್ತಾರೆ, ಗೊತ್ತು. ಅಲ್ಲ. ಆದರೆ ಬೆಳಕು ಬಿಟ್ಟು ಅಣುವಿನ ಆಕಾರ ಬದಲಾಯಿಸುವುದೇ ಇಲ್ಲಿ ನನ್ನ ಕೆಲಸ. ಪಾಪುವಿನ ಮೈ ಹಳದಿ ಮಾಡಿರುವುದು ರಕ್ತದಲ್ಲಿರುವ ಬಿಲಿರುಬಿನ್ ಅನ್ನುವ ಹಳದಿ ವಸ್ತು. ಆ ಅಣು ಒಳಕ್ಕೆ ಮಡಚಿಕೊಂಡು, ನೀರಿಗೆ ಹೊಂದುವ ಭಾಗಗಳನ್ನೆಲ್ಲ ಬಚ್ಚಿಟ್ಟುಕೊಂಡಿರುತ್ತದೆ. ಹಾಗಾಗಿ ಎಳೆ ಲಿವರ್‌ಗೆ ಅದನ್ನು ಹೊರಹಾಕುವುದು ಕಷ್ಟ. ನೀಲಿ ಬೆಳಕು ತಾಗಿದರೆ ಅಣುವಿನ ಒಂದು ಜೋಡಿಬಂಧ, ಅಂದರೆ ಎರಡು ಪರಮಾಣುಗಳನ್ನು ಹಿಡಿದಿರುವ ಜೋಡಿ ಕೊಂಡಿ, ತಿರುಚಿಕೊಳ್ಳುತ್ತದೆ, ಮಡಿಕೆ ಬಿಚ್ಚುತ್ತದೆ. ಆಮೇಲೆ ಅದು ಸಲೀಸಾಗಿ ಪಿತ್ತರಸದ ಜೊತೆ ಹೊರಗೆ ಹೋಗುತ್ತದೆ. ಕಕ್ಕ ತೆಳ್ಳಗೆ, ಹಸಿರಾಗಿ ಹೋದರೆ ಅದಕ್ಕೇ. ತುಂಬಾ ಜಾಸ್ತಿಯಾದರೆ ಮಾತ್ರ ಡಾಕ್ಟರಿಗೆ ಹೇಳಿ.

ನನ್ನ ಅಣುವಿನ ಹೆಸರು ಅಜೋಬೆಂಜೀನ್. ನೇರವಾಗಿರುತ್ತದೆ, 365 ನ್ಯಾನೋಮೀಟರ್ ಅಲೆಯುದ್ದದ ಅಲ್ಟ್ರಾವಯೊಲೆಟ್ ಬೆಳಕು ಬಿಟ್ಟರೆ ಬಾಗುತ್ತದೆ, ನೀಲಿ ಬೆಳಕಿಗೋ ಬಿಸಿಗೋ ಮತ್ತೆ ನೇರವಾಗುತ್ತದೆ. ಅದಕ್ಕೆ ಒಂದು ಕ್ಯಾಟಲಿಸ್ಟ್ ಅಂಟಿಸಿದ್ದೇವೆ. ಕ್ಯಾಟಲಿಸ್ಟ್ ಅಂದರೆ ತಾನು ಖರ್ಚಾಗದೆ ರಿಯಾಕ್ಷನ್ ಬೇಗ ಮಾಡಿಸುವ ವಸ್ತು. ನೇರ ಇದ್ದಾಗ ಅದರ ಕೆಲಸದ ಜಾಗ ಮುಚ್ಚಿರುತ್ತದೆ, ಬಾಗಿದಾಗ ತೆರೆಯುತ್ತದೆ. ಸ್ವಿಚ್ ಹಾಕಿದರೆ ರಿಯಾಕ್ಷನ್ ಓಡಬೇಕು, ತೆಗೆದರೆ ನಿಧಾನವಾಗಬೇಕು. ಹೇಳುವಷ್ಟು ಸುಲಭ ಅಲ್ಲ ಬಿಡು. ಪ್ರಯೋಗ ಮಾಡುವ ಡಬ್ಬಿಯ ಒಳಗೆ ಸುತ್ತ ಎಲ್‌ಇಡಿ, ನಡುವೆ ಕಿತ್ತಳೆ ಬಣ್ಣದ ದ್ರಾವಣದ ಫ್ಲಾಸ್ಕ್, ಪಕ್ಕದಲ್ಲಿ ಸದ್ದು ಮಾಡುವ ಸಣ್ಣ ಫ್ಯಾನ್. ಫ್ಯಾನ್ ಇಲ್ಲದಿದ್ದರೆ ಕೆಲಸ ಮಾಡಿದ್ದು ಬೆಳಕೋ ದೀಪದ ಬಿಸಿಯೋ ತಿಳಿಯುವುದೇ ಇಲ್ಲ. ಅದೇ ದ್ರಾವಣದ ಇನ್ನೊಂದು ಫ್ಲಾಸ್ಕ್ ಫಾಯಿಲ್ ಸುತ್ತಿಕೊಂಡು ಕತ್ತಲಲ್ಲಿ ಕೂತಿರುತ್ತದೆ, ಹೋಲಿಸಿ ನೋಡುವುದಕ್ಕೆ.

ನನ್ನ ಕಣ್ಣಿನ ಚಿಂತೆಯೂ ಬೇಡ. ಡಬ್ಬಿಗೆ ಮುಚ್ಚಳ ಇದೆ, ಮೇಲೆ ಕನ್ನಡಕ ಬೇರೆ.

ಇದು ಸುಮ್ನೆ ಆಟ ಅಂತ ಅಪ್ಪ ಅಂದುಕೊಳ್ಳಬಾರದು. ಎಷ್ಟೋ ಔಷಧಿಗಳ ಅಣುಗಳಲ್ಲಿ ಎಡಗೈ ಬಲಗೈ ಥರ ಎರಡು ರೂಪ ಇರುತ್ತವೆ. ಒಂದು ಗುಣ ಕೊಟ್ಟರೆ ಇನ್ನೊಂದು ದಂಡ, ಕೆಲವು ಸಲ ಅಪಾಯ. 2011ರಲ್ಲಿ ಇದೇ ಊರಿನ ಬೆನ್ ಫೆರಿಂಗಾ ಅವರ ತಂಡ ಬೆಳಕಿಗೆ ತಿರುಗುವ ಒಂದು ಕ್ಯಾಟಲಿಸ್ಟ್ ಮಾಡಿತು. ಮೊದಲು ಅದು ಎರಡು ರೂಪವನ್ನೂ ಬೆರೆಸಿ ಕೊಡುತ್ತದೆ. ಬೆಳಕು ಬಿಟ್ಟರೆ ಒಂದು ರೂಪ ಜಾಸ್ತಿ, ಆಮೇಲೆ ಬಿಸಿ ಮಾಡಿದರೆ ಇನ್ನೊಂದು ಜಾಸ್ತಿ. ಅಣುಯಂತ್ರಗಳಿಗಾಗಿ, ಅಂದರೆ ಅಣುಗಳಿಂದಲೇ ಮಾಡಿದ ಪುಟಾಣಿ ಯಂತ್ರಗಳಿಗಾಗಿ, 2016ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಅಂಥ ಊರಲ್ಲಿದ್ದಾಳೆ ನಿನ್ನ ಮಗಳು!

ಅಜ್ಜಿ ಬೆಳಗಿನ ಬಿಸಿಲಿಗೆ ಹಿಡಿಯಿರಿ, ಲೈಟು ಯಾಕೆ ಅಂದರಂತೆ. ಅರ್ಧ ಸರಿ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಅನ್ನುವ ನರ್ಸ್ ಮಕ್ಕಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಮೈಯಲ್ಲಿ ಬಿಸಿಲು ಬಿದ್ದ ಕಡೆ ಹಳದಿ ಇಳಿದಿತ್ತು, ಬಟ್ಟೆ ಮುಚ್ಚಿದ ಕಡೆ ಹಾಗೇ ಇತ್ತು. ಲೈಟಿನ ಚಿಕಿತ್ಸೆ ಶುರುವಾದದ್ದೇ ಅಲ್ಲಿಂದ. ಆದರೆ ಬಿಸಿಲಲ್ಲಿ ಅಲ್ಟ್ರಾವಯೊಲೆಟ್ಟೂ ಇದೆ, ಶಾಖವೂ ಇದೆ, ಲೆಕ್ಕ ಸಿಗುವುದಿಲ್ಲ. ಎಳೆ ಚರ್ಮ ಸುಡುತ್ತದೆ. ಲೈಟೇ ಇರಲಿ, ಅಜ್ಜಿಗೆ ನೀನೇ ಸಮಾಧಾನ ಹೇಳು.

ಇನ್ನೊಂದು ಮಾತು. ಲೈಟಿನ ಕೆಳಗೆ ಚರ್ಮದ ಹಳದಿ ಬೇಗ ಹೋಗುತ್ತದೆ, ರಕ್ತದಲ್ಲಿ ಇನ್ನೂ ಇರಬಹುದು. ಬಣ್ಣ ನೋಡಿ ವಾಸಿಯಾಯಿತು ಅಂತ ಮನೆಗೆ ಕರೆದುಕೊಂಡು ಹೋಗಬೇಡಿ, ರಕ್ತಪರೀಕ್ಷೆ ಮಾಡಿಸಲಿ. ಅಕ್ಕ ಆಗಾಗ ಹಾಲು ಕುಡಿಸುತ್ತಿರಲಿ.

ಇಲ್ಲಿ ಈಗ ರಾತ್ರಿ ಹತ್ತಕ್ಕೆ ಸೂರ್ಯ ಮುಳುಗುತ್ತಾನೆ. ಕತ್ತಲಾಗುವುದರೊಳಗೆ ಮನೆ ಸೇರು ಅಂತೀಯಲ್ಲ, ದಿನಾ ಪಾಲಿಸುತ್ತಿದ್ದೇನೆ.

ಸ್ಯಾಂಪಲ್ ತೆಗೆಯುವ ಹೊತ್ತಾಯಿತು, ಓಡುತ್ತೇನೆ. ಬಿಲಿರುಬಿನ್ ನಂಬರ್ ಎಷ್ಟು, ಪಾಪುವಿನ ತೂಕ ಎಷ್ಟು ಅಂತ ಭಾವನಿಗೆ ಇವತ್ತೇ ಬರೆಯಲು ಹೇಳು. ರಾತ್ರಿಯಾದರೂ ಪರವಾಗಿಲ್ಲ. ನಾನೇನೂ ಚಿಂತೆ ಮಾಡುತ್ತಿಲ್ಲ, ಸುಮ್ನೆ ಕೇಳಿದೆ ಅಷ್ಟೇ.

ಇಂತಿ ನಿನ್ನ ಮಗಳು,
ಪುಟ್ಟಿ