641 ಎಂಬ ಕೀಲಿಕೈ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ದೊಡ್ಡ ಸಂಖ್ಯೆಯೊಂದು ಅವಿಭಾಜ್ಯವೋ ಸಂಯುಕ್ತವೋ ಎಂಬುದನ್ನು ಭಾಗಾಕಾರ ಮಾಡದೆಯೇ ತಿಳಿಯಬಹುದೇ ಎಂದು ನೀನು ಕೇಳಿದ್ದೆ. ಎಲ್ಲ ಸಂಖ್ಯೆಗಳಿಗೂ ಸಲ್ಲುವ ಉತ್ತರವನ್ನು ಹುಡುಕುವ ಬದಲು, ನನಗೆ ಬಹಳ ಪ್ರಿಯವಾದ ಒಂದೇ ಒಂದು ಸಂಖ್ಯೆಯ ವಿಷಯವನ್ನು ಬರೆಯುತ್ತೇನೆ. ಅದು 4294967297, ಎಂದರೆ 2³² + 1.

ಘಾತಾಂಕವನ್ನು 1, 2, 4, 8, 16 ಎಂದು ಇಮ್ಮಡಿಗೊಳಿಸುತ್ತ ಹೋಗಿ, 2ರ ಆ ಘಾತಗಳಿಗೆ 1 ಕೂಡಿಸಿದರೆ ಸಿಗುವುದೆಲ್ಲವೂ ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ 1640ರಲ್ಲಿ ನಂಬಿದ್ದರು. 3, 5, 17, 257, 65537 ಎಂಬ ಮೊದಲ ಐದೂ ಆ ನಂಬಿಕೆಗೆ ಒಪ್ಪುತ್ತವೆ. ಆರನೆಯದೇ ನಮ್ಮ ಸಂಖ್ಯೆ. ಅದು 641 × 6700417 ಎಂದು 1732ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿದರು.

ಸಂಯುಕ್ತ ಸಂಖ್ಯೆಯ ಅತಿ ಚಿಕ್ಕ ಅವಿಭಾಜ್ಯ ಅಪವರ್ತನವು ಅದರ ವರ್ಗಮೂಲವನ್ನು ಮೀರದು; ನಮ್ಮ ಸಂಖ್ಯೆಯ ವರ್ಗಮೂಲ ಸುಮಾರು 65536, ಅದರೊಳಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ಆದರೆ ಈ ಸಂಖ್ಯೆಯ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂಬ ಆಯ್ಲರರ ನಿಯಮವನ್ನು ಹಿಡಿದು ಹೊರಟರೆ, ಪರೀಕ್ಷಿಸಬೇಕಾದವು 193, 257, 449, 577, 641 ಎಂದು ಸಾಗುತ್ತವೆ; ಐದನೆಯದರಲ್ಲೇ ಬಾಗಿಲು ತೆರೆಯುತ್ತದೆ.

ಇನ್ನು ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. 641ನ್ನು ಎರಡು ಬಗೆಯಲ್ಲಿ ಬಿಡಿಸಿ ಬರೆಯಬಹುದು: 5 × 2⁷ + 1 ಎಂದೂ, 5⁴ + 2⁴ ಎಂದೂ. 641ರಿಂದ ಭಾಗಿಸಿದಾಗಿನ ಶೇಷಗಳನ್ನಷ್ಟೇ ಗಮನಿಸಿದರೆ, ಮೊದಲನೆಯ ರೂಪದ ಪ್ರಕಾರ 5 × 2⁷ ಎಂಬುದು, 641ಕ್ಕಿಂತ 1 ಕಡಿಮೆಯಾದ್ದರಿಂದ, −1ಕ್ಕೆ ಸಮ; ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮ. ಎರಡನೆಯ ರೂಪದ ಪ್ರಕಾರ 5⁴ಕ್ಕೆ ಬದಲಾಗಿ −2⁴ ಇಡಬಹುದು. ಆಗ −2³² ಎಂಬುದು 1ಕ್ಕೆ ಸಮವಾಗುವುದರಿಂದ, 2³² + 1ರ ಶೇಷ ಸೊನ್ನೆಯೇ ಆಗಬೇಕು. ನಾಲ್ಕು ನೂರು ಕೋಟಿಗೂ ಮಿಕ್ಕ ಸಂಖ್ಯೆಯೊಂದನ್ನು ಒಮ್ಮೆಯೂ ಭಾಗಿಸದೆ, ಕೈಯಳತೆಯ 5 ಮತ್ತು 2ರಿಂದಲೇ ಅದರ ಗುಟ್ಟನ್ನು ಬಿಡಿಸಿದ್ದೇವೆ. ಈ ಸಾಲುಗಳನ್ನು ಎಷ್ಟು ಸಲ ಬರೆದರೂ ನನ್ನ ಸಂತೋಷ ಕುಂದಿಲ್ಲ.

ಅಪವರ್ತನವೇ ಗೊತ್ತಿಲ್ಲದಿದ್ದರೂ ನಡೆಯುವ ಇನ್ನೊಂದು ದಾರಿಯಿದೆ. ಅವಿಭಾಜ್ಯ ಸಂಖ್ಯೆಯೊಂದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗುವುದಾದರೆ, ಹಾಗೆ ಬರೆಯುವ ಬಗೆ ಒಂದೇ. ನಮ್ಮ ಸಂಖ್ಯೆಯಾದರೋ 65536² + 1² ಆಗಿರುವಂತೆ 62264² + 20449² ಕೂಡ ಹೌದು. ಆದ್ದರಿಂದ ಅದು ಅವಿಭಾಜ್ಯವಾಗಿರಲಾರದು. (20449 ಎಂಬುದು ತಾನೇ 143ರ ವರ್ಗ.)

ನಮ್ಮ ಸಂಖ್ಯೆಯಿಂದ 2 ಕಳೆದರೆ ಬರುವ 4294967295, ಆ ಮೊದಲ ಐದು ಅವಿಭಾಜ್ಯಗಳ ಗುಣಲಬ್ಧ. ಆರನೆಯದಕ್ಕೂ ಅವುಗಳಿಗೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ; ಇದ್ದಿದ್ದರೆ ಅದು 2ನ್ನೂ ಭಾಗಿಸಬೇಕಿತ್ತು, ಆದರೆ ಇವೆಲ್ಲವೂ ಬೆಸ ಸಂಖ್ಯೆಗಳು.

ಈ ಸಾಲಿನ ಮುಂದಿನ ಸಂಖ್ಯೆಯಾದ 2⁶⁴ + 1 ಕೂಡ ಸಂಯುಕ್ತವೇ. ಅದರ ಚಿಕ್ಕ ಅಪವರ್ತನ 274177, ಎಂದರೆ 1071 × 2⁸ + 1. ಇದಕ್ಕೂ ಮೇಲಿನಂಥ ಎರಡನೆಯ ರೂಪವೊಂದು ಸಿಗುವುದೇ ಎಂದು ಪ್ರಯತ್ನಿಸಿ, ಸಿಕ್ಕಿದ್ದನ್ನು ನನಗೆ ಬರೆ.

ಇಂತು ನಿನ್ನ ಗೆಳೆಯ