ಐ-130 ಮಂಜೂರಾಯಿತು, ಇನ್ನು ಮುಂದೇನು?

ಪ್ರೀತಿಯ ಗೆಳೆಯಾ,

ಹೆಂಡತಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ನೀನು ಹಾಕಿದ್ದ ಐ-130 ಅರ್ಜಿ ಮಂಜೂರಾಯಿತು ಅಂತ ನಿನ್ನ ಮೆಸೇಜ್ ನೋಡಿ ತುಂಬಾ ಖುಷಿಯಾಯಿತು. ಮದುವೆಯಾದ ಮೇಲೂ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಇರುವುದು ಎಂಥ ಕಷ್ಟ ಅಂತ ನಮ್ಮಿಬ್ಬರಿಗೂ ಗೊತ್ತು. ನಾವೂ ಇದೇ ದಾರಿಯಲ್ಲಿ ಬಂದವರು ಅಲ್ವಾ? "ಇನ್ನು ಸುಮ್ನೆ ಕಾಯೋದು ತಾನೇ?" ಅಂತ ಕೇಳಿದ್ದೀಯ. ಇಲ್ಲ ಮಾರಾಯ, ನಿಮ್ಮಿಬ್ಬರ ಕೆಲಸ ಶುರುವಾಗುವುದೇ ಈಗ.

ಅರ್ಜಿ ಮಂಜೂರು ಮಾಡಿದ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ನಿನ್ನ ಫೈಲನ್ನು ನ್ಯಾಷನಲ್ ವೀಸಾ ಸೆಂಟರ್‌ಗೆ ಕಳಿಸುತ್ತದೆ. ಎಲ್ಲರೂ ಎನ್‌ವಿಸಿ ಅನ್ನುವುದು ಇದನ್ನೇ. ಅಲ್ಲಿಂದ ಕೇಸ್ ನಂಬರ್ ಬಂದ ಕೂಡಲೇ ಪೋರ್ಟಲ್‌ನಲ್ಲಿ ಎರಡು ಫೀಸು ಕಟ್ಟು: ವೀಸಾ ಅರ್ಜಿಗೆ 325 ಡಾಲರ್, ಅಫಿಡವಿಟ್ ಆಫ್ ಸಪೋರ್ಟ್‌ಗೆ (ಬರುವವರ ಜೀವನಕ್ಕೆ ನಾನು ಹೊಣೆ ಅನ್ನುವ ಪತ್ರ) 120. ದುಡ್ಡು ಜಮಾ ಆದ ಮೇಲೆಯೇ ಮುಂದಿನ ಫಾರಂ ತೆರೆದುಕೊಳ್ಳುತ್ತದೆ. ನೀನು ಸಿಟಿಜನ್ ಆಗಿರುವುದರಿಂದ ಯಾರ ಸರದಿ ಬಂತು ಅಂತ ತಿಂಗಳು ತಿಂಗಳೂ ಹೊರಡುವ ವೀಸಾ ಬುಲೆಟಿನ್ ನೋಡುತ್ತಾ ಕಾಯುವ ಪಾಡಿಲ್ಲ. ಈಗ ನಿಮ್ಮ ಕೈಯಲ್ಲಿರುವುದು ಕಾಗದಪತ್ರ. ಅದರಲ್ಲಿ ಮಾತ್ರ ತಡ ಮಾಡಬೇಡಿ.

ಮೊದಲು ನಿನ್ನ ಹೆಂಡತಿಯ ಜನನ ಪ್ರಮಾಣಪತ್ರ ತರಿಸಿ ನೋಡು. ನನ್ನವಳದ್ದರಲ್ಲಿ ಅಪ್ಪನ ಹೆಸರಿತ್ತು, ಅಮ್ಮನ ಹೆಸರಿತ್ತು, ಹುಟ್ಟಿದ ತಾರೀಖಿತ್ತು. ಮಗುವಿನ ಹೆಸರಿನ ಜಾಗದಲ್ಲಿ ಬರೀ ಒಂದು ಗೆರೆ! ನಾಮಕರಣಕ್ಕೆ ಮುಂಚೆಯೇ ನೋಂದಣಿ ಮಾಡಿಸುತ್ತಿದ್ದ ಕಾಲದಲ್ಲಿ ಇದು ಮಾಮೂಲು. ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿದೆವು. ಜನನ ನೋಂದಣಿಯೇ ಆಗಿಲ್ಲದಿದ್ದರೆ ಲಭ್ಯವಿಲ್ಲ ಅನ್ನುವ ಪ್ರಮಾಣಪತ್ರ ಪಡೆದು, ಜೊತೆಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಂಥ ಬೇರೆ ದಾಖಲೆ ಕೊಡಬೇಕು. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಜನನ ಪ್ರಮಾಣಪತ್ರ, ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾದಲ್ಲೇ ಅರ್ಜಿ ಹಾಕಬಹುದು.

ನಿನ್ನ ಪಾಲಿನದು ಐ-864, ಅದೇ ಅಫಿಡವಿಟ್ ಆಫ್ ಸಪೋರ್ಟ್. ಬಡತನ ರೇಖೆಗೆ ಅಂತ ಸರ್ಕಾರ ಗುರುತು ಮಾಡಿದ ಮೊತ್ತದ ಶೇ. 125ರಷ್ಟಾದರೂ ನಿನ್ನ ಆದಾಯ ಇರಬೇಕು. ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್ (ನಿನ್ನ ತೆರಿಗೆ ದಾಖಲೆಯ ಪ್ರತಿ) ಈಗಲೇ ಇಳಿಸಿಟ್ಟುಕೋ. ಕೆಲಸ ಬದಲಿಸಿದ ವರ್ಷ ಆದಾಯ ಕಮ್ಮಿಯಾಗಿತ್ತು ಅಂತ ಹೇಳಿದ್ದೆಯಲ್ಲ, ಸಾಲದೇ ಹೋದರೆ ನಿನ್ನ ಜೊತೆ ಹೊಣೆ ಹೊರುವ ಜಾಯಿಂಟ್ ಸ್ಪಾನ್ಸರ್ ಆಗಿ ನಾನು ಸಹಿ ಹಾಕುತ್ತೇನೆ. ಸಂಕೋಚ ಬೇಡ. ಇದು ನೆಪಮಾತ್ರದ ಸಹಿ ಅಲ್ಲ, ನಿನ್ನ ಹೆಂಡತಿ ಸಿಟಿಜನ್ ಆಗುವವರೆಗೆ ಅಥವಾ 40 ಕ್ವಾರ್ಟರ್ (ಸುಮಾರು ಹತ್ತು ವರ್ಷದ) ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಹೊಣೆ ಇರುತ್ತದೆ ಅಂತ ತಿಳಿದೇ ಹೇಳುತ್ತಿದ್ದೇನೆ.

ಇನ್ನು ಡಿಎಸ್-260, ಅಂದರೆ ವಲಸೆ ವೀಸಾದ ಆನ್‌ಲೈನ್ ಅರ್ಜಿ. ಇದನ್ನು ನೀನೊಬ್ಬನೇ ರಾತ್ರಿ ಕೂತು ತುಂಬಿ ಮುಗಿಸಬೇಡ. ಇದು ನಿನ್ನ ಹೆಂಡತಿಯವರ ಅರ್ಜಿ. ಹದಿನಾರು ವರ್ಷ ತುಂಬಿದ ಮೇಲೆ ಎಲ್ಲೆಲ್ಲಿ ವಾಸವಾಗಿದ್ದರು ಅಂತ ಕೇಳುತ್ತಾರೆ, ಓದು ಮತ್ತು ಕೆಲಸದ ವಿವರವನ್ನೂ ಕೇಳುತ್ತಾರೆ. ಹಾಸ್ಟೆಲ್ ವಿಳಾಸ ನಿನಗೇನು ಗೊತ್ತು? ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಕೂತು, ಒಂದೊಂದು ಪುಟ ಓದಿಕೊಂಡು ತುಂಬಿ. ಭಾರತದಿಂದ ಬರುವವರಿಗೆ ಇಂಟರ್‌ವ್ಯೂ ಸಾಮಾನ್ಯವಾಗಿ ಮುಂಬೈಯ ಅಮೆರಿಕ ಕಾನ್ಸುಲೇಟ್‌ನಲ್ಲಿ. ಆ ಕಿಟಕಿಯ ಮುಂದೆ ನಿಂತು ಉತ್ತರ ಕೊಡಬೇಕಾದವರು ಅವರು, ನೀನಲ್ಲ. ನಿನ್ನ ಕೆಲಸ ಏನು, ಎಲ್ಲಿ ಇದ್ದೀಯ, ಮದುವೆ ಹೇಗೆ ಕೂಡಿಬಂತು ಅಂತೆಲ್ಲ ಕೇಳಬಹುದು. ಫೈಲಿನಲ್ಲಿ ಏನಿದೆ ಅಂತ ತಾನೇ ಬಲ್ಲವರಿಗೆ ಅಲ್ಲಿ ಧೈರ್ಯ ಇರುತ್ತದೆ. ಗಂಡ ತುಂಬಿದ್ದಾನೆ, ನನಗೆ ಗೊತ್ತಿಲ್ಲ ಅನ್ನುವ ಸ್ಥಿತಿ ಅವರಿಗೆ ಬರಬಾರದು. ಈ ಪತ್ರ ಬರೆಯಲು ಕೂತದ್ದೇ ಇದನ್ನು ಹೇಳಬೇಕು ಅಂತ.

ಮೆಡಿಕಲ್ ಪರೀಕ್ಷೆ ಇಂಟರ್‌ವ್ಯೂಗೆ ಮುಂಚೆ, ಕಾನ್ಸುಲೇಟ್ ಗೊತ್ತುಮಾಡಿದ ವೈದ್ಯರ ಹತ್ತಿರವೇ ಆಗಬೇಕು. ಹಾಕಿಸಿಕೊಂಡ ಲಸಿಕೆಗಳ ದಾಖಲೆ ಜೊತೆಗಿರಲಿ. ಇಂಟರ್‌ವ್ಯೂ ಕಿಟಕಿಯಲ್ಲಿ 221(ಜಿ) ಅಂತ ಚೀಟಿ (ದಾಖಲೆ ಅಥವಾ ಪರಿಶೀಲನೆ ಇನ್ನೂ ಬಾಕಿ ಇದೆ ಅಂತ) ಕೊಟ್ಟರೆ ಗಾಬರಿ ಬೇಡ. ಕಾಗದ ಕೇಳಿದ್ದರೆ ಬೇಗ ತಲುಪಿಸಿ, ಕೇಸ್ ಮತ್ತೆ ಮುಂದಕ್ಕೆ ಹೋಗುತ್ತದೆ.

ವೀಸಾ ಬಂದ ಮೇಲೆ, ವಿಮಾನ ಹತ್ತುವ ಮೊದಲೇ ಯುಎಸ್‌ಸಿಐಎಸ್‌ಗೆ ಇನ್ನೊಂದು ಫೀಸು ಇದೆ, 235 ಡಾಲರ್. ಅದು ಕಟ್ಟದೆ ಗ್ರೀನ್ ಕಾರ್ಡ್ ಮನೆಗೆ ಬರುವುದಿಲ್ಲ. ಅವರು ಇಲ್ಲಿ ಇಳಿಯುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಕಾರ್ಡು ಎರಡೇ ವರ್ಷದ್ದು. ಅದರ ಅವಧಿ ಮುಗಿಯುವ ಮುಂಚಿನ 90 ದಿನದೊಳಗೆ ಕಾರ್ಡಿನ ಮೇಲಿನ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಅರ್ಜಿ ಹಾಕಬೇಕು. ಮದುವೆ ನಿಜದ್ದು ಅಂತ ಆಗ ತೋರಿಸಬೇಕಾಗುತ್ತದೆ, ಹಾಗಾಗಿ ಜಂಟಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಇಬ್ಬರ ಹೆಸರಿನ ಬಿಲ್ಲು, ಬಂದ ದಿನದಿಂದಲೇ ಒಂದು ಫೈಲಿನಲ್ಲಿ ಸೇರಿಸುತ್ತಾ ಹೋಗಿ.

ಕೇಸ್ ನಂಬರ್ ಬಂದ ತಕ್ಷಣ ಫೋನ್ ಮಾಡು. ನನ್ನ ಹೆಂಡತಿಯೂ ನಿನ್ನವರ ಹತ್ತಿರ ಮಾತಾಡಬೇಕು ಅನ್ನುತ್ತಿದ್ದಾಳೆ. ಮುಂಬೈ ಇಂಟರ್‌ವ್ಯೂ ಬಗ್ಗೆ ನನಗಿಂತ ಅವಳೇ ಚೆನ್ನಾಗಿ ಹೇಳುತ್ತಾಳೆ, ಅವರ ನಂಬರ್ ಕಳಿಸು.

ನಿನ್ನ ಗೆಳೆಯ